ಮೊದಲು ನೀರು, ಆಮೇಲೆ ಮುಲಾಮು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೋಣೆಯಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಟ್ಟುದನ್ನೂ ಹಿಂದಕ್ಕೆ ಬಂದುದನ್ನೂ ಬರೆದಿಡುವುದು ನನ್ನ ಪಾಲಿನ ಸೇವೆ. ಮೇಜಿನ ಆಚೆ ನಿಂತು ಮಾತನಾಡುವ ಅಭ್ಯಾಸ ನನಗಿಲ್ಲ. ನಾನು ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಮೆಟ್ರಿಕ್‌ವರೆಗೆ ಓದಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಕಾರ್ಯದರ್ಶಿಗಳು ಒತ್ತಾಯ ಮಾಡಿ, "ನಿಮಗೆ ತಿಳಿದ ಯಾವುದಾದರೂ ಉಪಯುಕ್ತ ವಿಷಯ ಹೇಳಿರಿ" ಎಂದಾಗ ನನಗೆ ಹೊಳೆದುದು ಒಂದೇ ವಿಷಯ: ಸುಟ್ಟ ಗಾಯ ಮತ್ತು ಅದಕ್ಕೆ ಹಚ್ಚುವ ಮುಲಾಮು. ಇದನ್ನು ನಾನು ಕಲಿತದ್ದು ನನ್ನ ಮಗುವಿನ ಕೈಯ ಬೆಲೆಗೆ. ತಮಗೆ ಅದು ಪುಕ್ಕಟೆಯಾಗಿ ಸಿಗಲೆಂಬುದೇ ನನ್ನ ಆಸೆ.

ಕಳೆದ ವರ್ಷ ಶ್ರಾವಣದ ಒಂದು ಬೆಳಗಿನ ಮಾತು. ನಮ್ಮದು ತಮ್ಮೆಲ್ಲರ ಮನೆಯಂತೆಯೇ ಚಾಳಿನ ಒಂದು ಕೋಣೆ. ಅಡಿಗೆಯ ಕಟ್ಟೆಗೆ ಅಂಟಿಕೊಂಡೇ ಸ್ನಾನದ ಮೋರಿ. ನನ್ನ ಮನೆಯವಳು ಒಲೆಯ ಮೇಲಿನ ಬಿಸಿನೀರಿನ ಪಾತ್ರೆಯನ್ನು ಕೆಳಗಿಳಿಸಿ, ತಣ್ಣೀರು ಬೆರೆಸಲು ತಂಬಿಗೆ ತೆಗೆದುಕೊಳ್ಳುವಷ್ಟರಲ್ಲಿ ನಾಲ್ಕು ವರ್ಷದ ಮಗಳು ಓಡಿಬಂದು ಎಡವಿದಳು. ಎಡಗೈ ಮೊಣಕೈಯಿಂದ ಮುಂಗೈವರೆಗೆ ಬೆಂದಿತು. ಆ ಚೀರಾಟವನ್ನು ನಾನು ವರ್ಣಿಸಲಾರೆ.

ನಾನು ಮಾಡಿದುದೇನು? ಕಪಾಟಿನಲ್ಲಿದ್ದ ಹಳದಿ ಮುಲಾಮಿನ ಟ್ಯೂಬಿಗಾಗಿ ಹುಡುಕಾಡಿದೆ. ಅದು ಅರ್ಧ ಕೈಗೂ ಸಾಲಲಿಲ್ಲ. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ತುಪ್ಪದ ಬಟ್ಟಲು ತಂದರು. ಉಳಿದ ಭಾಗಕ್ಕೆ ತುಪ್ಪ ಸವರಿ, ಮೇಲೆ ಹತ್ತಿಯಿಟ್ಟು ಬಟ್ಟೆ ಸುತ್ತಿದೆ. ಮಗು ಅತ್ತು ಸುಸ್ತಾಗಿ ನಿದ್ದೆಹೋಯಿತು. "ಔಷಧ ಆಯಿತಲ್ಲ" ಎಂದುಕೊಂಡು, ಹಾಜರಿಗೆ ಹೊತ್ತಾಗುತ್ತದೆಂದು ನಾನು ಗಿರಣಿಗೆ ಹೊರಟುಹೋದೆ. ಹೌದು, ಹೊರಟುಹೋದೆ. ಇದನ್ನು ಮುಚ್ಚಿಟ್ಟು ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಸಂಜೆ ಬಂದಾಗ ಕೈ ಊದಿತ್ತು. ಬಳೆ ಚರ್ಮದೊಳಗೆ ಹುದುಗಿತ್ತು. ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರರು ಮೊದಲು ಬಳೆಯನ್ನು ಕತ್ತರಿಸಿದರು. ಬಳಿಕ ಹತ್ತಿಯ ಎಳೆಗಳನ್ನೂ ತುಪ್ಪವನ್ನೂ ಹಳದಿ ಲೇಪವನ್ನೂ ತೊಳೆದು ತೆಗೆಯಬೇಕಾಯಿತು. ಬೆಳಗಿನ ಅಳುವಿಗಿಂತ ಆ ಅಳು ಹೆಚ್ಚಿನದು. ತೊಳೆದಾದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಸುಟ್ಟ ಕೂಡಲೇ ನೀರು ಎಷ್ಟು ಹೊತ್ತು ಹಾಕಿದಿರಿ?"

ಹಾಕಿರಲಿಲ್ಲ. ಬೆಳಿಗ್ಗೆ ನಲ್ಲಿ ಬಂದಾಗ ತುಂಬಿಸಿದ ಡ್ರಮ್ಮು ಮೋರಿಯಲ್ಲೇ ಇತ್ತು. ತುಂಬಿದ ಡ್ರಮ್ಮಿನ ಪಕ್ಕದಲ್ಲೇ ನಿಂತು ನಾನು ಟ್ಯೂಬು ಹುಡುಕಿದ್ದೆ.

ಆಮೇಲೆ ಅವರು ಬಿಳಿಯ ಮುಲಾಮೊಂದನ್ನು ದಪ್ಪನಾಗಿ ಹಚ್ಚಿ ಪಟ್ಟಿ ಕಟ್ಟಿದರು. ನಾನು ಧೈರ್ಯ ಮಾಡಿ, "ಡಾಕ್ಟರ್ ಸಾಹೇಬರೇ, ನಾನೂ ಹಚ್ಚಿದ್ದು ಮುಲಾಮು, ತಾವೂ ಹಚ್ಚಿದ್ದು ಮುಲಾಮು. ನನ್ನದು ಹೇಗೆ ತಪ್ಪಾಯಿತು?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನೀವು ಹಚ್ಚಿದಾಗ ಚರ್ಮ ಇನ್ನೂ ಬೇಯುತ್ತಿತ್ತು. ನಾನು ಹಚ್ಚಿದಾಗ ಬೇಯುವುದು ಮುಗಿದು ಕ್ರಿಮಿಗಳ ಸರದಿ ಬಂದಿತ್ತು" ಎಂದರು. ಆ ಉತ್ತರದ ಅರ್ಥ ತಿಳಿಯಲು ನಾನು ಇದೇ ವಾಚನಾಲಯದಲ್ಲಿ ಕುಳಿತು ಓದಿದೆ, ಪಟ್ಟಿ ಬದಲಿಸಲು ಹೋದಾಗಲೆಲ್ಲ ಕೇಳಿದೆ. ತಿಳಿದುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಬೇಯುವ ವಿಚಾರ. ಒಲೆಯಿಂದ ಇಳಿಸಿದ ಬೇಳೆಯ ಪಾತ್ರೆ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಕುದಿಯುವುದನ್ನು ತಾಯಂದಿರು ಬಲ್ಲರು. ಚರ್ಮವೂ ಹಾಗೆಯೇ. ಬಿಸಿನೀರು ಹರಿದುಹೋದರೂ ಶಾಖ ಒಳಗೆ ಉಳಿದು ಕೆಳಗಿನ ಪದರಕ್ಕೆ ಇಳಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅದಕ್ಕೆ ಅಷ್ಟೂ ಬೇಡ. ಕುದಿಯುವ ನೀರಂತೂ 100 ಡಿಗ್ರಿ. ಆ ಶಾಖವನ್ನು ಹೊರಗೆಳೆಯಬಲ್ಲದ್ದು ನೀರೊಂದೇ. ಅದರ ಮೇಲೆ ತುಪ್ಪ, ಎಣ್ಣೆ ಅಥವಾ ಜಿಡ್ಡಿನ ಮುಲಾಮು ಬಳಿದರೆ ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದಂತೆ.

ಇಂದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ 20 ನಿಮಿಷ. ತಂಪಾದ, ಹರಿಯುವ, ಸ್ವಚ್ಛ ನೀರು, ಬರ್ಫ ಅಲ್ಲ. ಬರ್ಫದಿಂದ ರಕ್ತನಾಳಗಳು ಬಿಗಿದು ಗಾಯ ಇನ್ನೂ ಕೆಡುತ್ತದೆ. ತಕ್ಷಣವೇ ಆಗಲಿಲ್ಲವೆಂದು ಕೈಬಿಡಬಾರದು. ಸುಟ್ಟು ಮೂರು ಗಂಟೆಯೊಳಗೆ ನೀರು ಹಾಕಿದರೂ ಪ್ರಯೋಜನವುಂಟು. ಚಿಕ್ಕ ಮಕ್ಕಳಿಗೆ, ದೊಡ್ಡ ಗಾಯದವರಿಗೆ ಸುಟ್ಟ ಭಾಗಕ್ಕಷ್ಟೇ ನೀರು ಹಾಕಿ ಉಳಿದ ಮೈಯನ್ನು ಒಣ ಹೊದಿಕೆಯಿಂದ ಬೆಚ್ಚಗಿಡಬೇಕು.

"ಇಪ್ಪತ್ತು ನಿಮಿಷ ನೀರು ಹರಿಸಬೇಕಂತೆ! ಕುರ್ಲಾದ ಚಾಳಿನಲ್ಲಿ ನಲ್ಲಿ ಬರುವುದೇ ಎಷ್ಟು ಹೊತ್ತು?" ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಯೋಚಿಸಿದವನು. ಲೆಕ್ಕ ಬರೆಯುವವನಾದ್ದರಿಂದ ಒಂದು ಭಾನುವಾರ ಗಡಿಯಾರ ಮುಂದಿಟ್ಟುಕೊಂಡು ಮನೆಯಲ್ಲಿ ಅಳೆದು ನೋಡಿದೆ. ತೊಳೆದ ಟಬ್ಬಿನ ಮೇಲೆ ಕೈ ಹಿಡಿದು, ಡ್ರಮ್ಮಿನ ನೀರನ್ನು ಮಗ್ಗಿನಿಂದ ಮೆಲ್ಲಗೆ ಸುರಿದು, ಟಬ್ಬಿನಲ್ಲಿ ಬಿದ್ದುದನ್ನೇ ಮತ್ತೆ ಎತ್ತಿ ಸುರಿದೆ. ನಡುವೆ ಒಮ್ಮೆ ನೀರು ಬದಲಿಸಿದೆ. ಎರಡು ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ಮುಗಿಯಿತು. ಹರಿಯುವ ಹೊಸ ನೀರು ಉತ್ತಮವೆಂಬುದು ನಿಜ. ನಲ್ಲಿ ಇಲ್ಲದ ಹೊತ್ತಿನಲ್ಲಿ ಇದು ನಮ್ಮ ಉಪಾಯ. ಎರಡು ಬಕೆಟ್ ನೀರು ಯಾವ ಬಡವನ ಮನೆಯಲ್ಲೂ ಉಂಟು.

ಎರಡನೆಯದು, ಕ್ರಿಮಿಗಳ ವಿಚಾರ. ಇಲ್ಲಿಂದ ಮುಲಾಮಿನ ಕತೆ ಆರಂಭವಾಗುತ್ತದೆ. ಚರ್ಮವೆಂದರೆ ನಮ್ಮ ಮೈಯ ಕೋಟೆಗೋಡೆ. ಅದು ಸುಟ್ಟರೆ ಸತ್ತ ಚರ್ಮ, ಒಸರುವ ನೀರು, ಮೈಯ ಬೆಚ್ಚಗೆ, ಇವು ಮೂರೂ ಸೇರಿ ಸೂಕ್ಷ್ಮಜೀವಿಗಳಿಗೆ ಹಬ್ಬದೂಟವಾಗುತ್ತದೆ. ಸ್ಟ್ಯಾಫಿಲೊಕಾಕಸ್ ಎಂಬುದು ಒಂದು. ಹಸಿರುನೀಲಿ ಬಣ್ಣದ ಕೀವು ತರುವ ಸ್ಯೂಡೊಮೊನಾಸ್ ಎಂಬುದು ಇನ್ನೊಂದು. ದೊಡ್ಡ ಸುಟ್ಟ ಗಾಯದವರು ಮೊದಲ ಒಂದೆರಡು ದಿನದ ಆಘಾತದಿಂದ ಪಾರಾಗಿಯೂ, ವಾರದ ಬಳಿಕ ಈ ಕ್ರಿಮಿಗಳು ರಕ್ತ ಸೇರಿ ಸಾಯುತ್ತಿದ್ದುದು ಹಿಂದೆ ಎಲ್ಲ ದೇಶಗಳಲ್ಲಿಯೂ ಸಾಮಾನ್ಯವಾಗಿತ್ತು. ನುಂಗಿದ ಔಷಧವಾಗಲಿ ಸೂಜಿಯ ಔಷಧವಾಗಲಿ ರಕ್ತದ ಮೂಲಕ ಹೋಗಬೇಕು. ಆಳವಾಗಿ ಸುಟ್ಟ ಚರ್ಮದಲ್ಲಿ ರಕ್ತ ಓಡುವುದಿಲ್ಲ. ಆದುದರಿಂದಲೇ ಮೇಲಿನಿಂದ ಹಚ್ಚುವ ಔಷಧವನ್ನು ಹುಡುಕಬೇಕಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಗಾಯಗಳಿಗೆ ಆಕ್ರಿಡಿನ್ ಎಂಬ ವರ್ಗದ ಹಳದಿ ಬಣ್ಣಗಳನ್ನು ಕ್ರಿಮಿನಾಶಕವಾಗಿ ಬಳಸಿದರು. ನಮ್ಮ ಮನೆಗಳ ಹಳದಿ ಮುಲಾಮಿನ ಬಣ್ಣ ಆ ಬಳಗದ್ದೇ. 1965ರಲ್ಲಿ ಅಮೆರಿಕದ ಡಾ. ಕಾರ್ಲ್ ಮೋಯರ್ ಮತ್ತು ಸಂಗಡಿಗರು ನೂರಕ್ಕೆ ಅರ್ಧ ಪಾಲು ಸಿಲ್ವರ್ ನೈಟ್ರೇಟ್ ಬೆರೆಸಿದ ನೀರಿನಿಂದ ಪಟ್ಟಿಯನ್ನು ನೆನೆಸಿಡುವ ಕ್ರಮವನ್ನು ಪ್ರಕಟಿಸಿದರು. ಸಿಲ್ವರ್ ಎಂದರೆ ನಮ್ಮ ಬೆಳ್ಳಿ. ಗುಣವೇನೋ ಕಂಡಿತು, ಆದರೆ ಅದು ತಾಗಿದ ಚಾದರ, ನೆಲ, ದಾದಿಯರ ಕೈ ಎಲ್ಲವೂ ಕಪ್ಪಾಗುತ್ತಿದ್ದವು. ಅದೇ ಕಾಲದಲ್ಲಿ ಅಮೆರಿಕದ ಸೇನೆಯ ಸುಟ್ಟ ಗಾಯದ ಆಸ್ಪತ್ರೆಯಲ್ಲಿ ಮ್ಯಾಫಿನೈಡ್ ಎಂಬ ಸಲ್ಫಾ ಮುಲಾಮು ಬಳಕೆಗೆ ಬಂದಿತು. ಅದು ಸತ್ತ ಚರ್ಮದ ಆಳಕ್ಕೂ ಇಳಿಯುತ್ತದೆ, ಆದರೆ ಹಚ್ಚಿದಾಗ ಬಹಳ ಉರಿಯುತ್ತದೆ. 1968ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡಾ. ಚಾರ್ಲ್ಸ್ ಫಾಕ್ಸ್ ಅವರು ಬೆಳ್ಳಿಯನ್ನೂ ಸಲ್ಫಾವನ್ನೂ ಜೋಡಿಸಿ ಸಿಲ್ವರ್ ಸಲ್ಫಾಡಯಜಿನ್ ಎಂಬ ಔಷಧವನ್ನು ಮುಂದಿಟ್ಟರು. ನೂರಕ್ಕೆ ಒಂದು ಪಾಲಿನ ಬಿಳಿ ಮುಲಾಮು. ಉರಿಯುವುದಿಲ್ಲ, ಕಪ್ಪು ಕಲೆಯ ಕಾಟವೂ ಇಲ್ಲ. ಬೆಳ್ಳಿಯ ಕಣಗಳು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಿ ಕ್ರಿಮಿಯ ಹೊರಗೋಡೆಯನ್ನು ಕೆಡಿಸುತ್ತವೆ. ನನ್ನ ಮಗಳ ಕೈಗೆ ಹಚ್ಚಿದುದು ಇದನ್ನೇ. ಜಗತ್ತಿನ ಬಡ ಆಸ್ಪತ್ರೆಗಳು ಇಟ್ಟುಕೊಳ್ಳಬೇಕಾದ ಅಗತ್ಯ ಔಷಧಗಳ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಇದು ಸೇರಿದೆ.

ಹಾಗಾದರೆ ಅಂಗಡಿಗೆ ಹೋಗಿ ಒಂದು ಟ್ಯೂಬು ತಂದಿಟ್ಟರೆ ಆಯಿತೇ? ಇಲ್ಲ. ಈ ಔಷಧಕ್ಕೂ ದೋಷಗಳುಂಟು. ಸಲ್ಫಾ ಔಷಧ ಒಗ್ಗದವರಿಗೆ ಇದು ಕೂಡದು. ಎರಡು ತಿಂಗಳೊಳಗಿನ ಕೂಸಿಗೂ ದಿನ ತುಂಬಿದ ಗರ್ಭಿಣಿಗೂ ಕೂಡದು. ಕಣ್ಣಿನ ಸುತ್ತ ಹಚ್ಚಬಾರದು. ಹಚ್ಚಿದ ಮೇಲೆ ಗಾಯದ ಮೇಲೊಂದು ಬೂದುಹಳದಿ ಪೊರೆ ಕಟ್ಟುವುದರಿಂದ ಗಾಯ ಎಷ್ಟು ಆಳವೆಂದು ವೈದ್ಯರಿಗೆ ತಿಳಿಯುವುದು ಕಷ್ಟ. ಪ್ರತಿದಿನವೂ ತೊಳೆದು ಹೊಸದಾಗಿ ಹಚ್ಚಬೇಕು. ಆ ನೋವು ಬೇರೆ. ಚಿಕಿತ್ಸಾಕ್ರಮಗಳ ಪರೀಕ್ಷೆಗಳನ್ನೆಲ್ಲ ಕೂಡಿಸಿ ತೂಗಿನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2013ರಲ್ಲಿ 30 ಪರೀಕ್ಷೆಗಳನ್ನು ನೋಡಿ, ಆಳವಲ್ಲದ ಸುಟ್ಟ ಗಾಯಗಳು ಈ ಮುಲಾಮಿಗಿಂತ ಹೊಸ ಬಗೆಯ ಪಟ್ಟಿಗಳಿಂದ ಬೇಗ ಮಾಯುವಂತೆ ಕಾಣುತ್ತದೆಂದು ಹೇಳಿತು. ಆ ಪರೀಕ್ಷೆಗಳು ಬಹಳ ಗಟ್ಟಿಯಾದುವಲ್ಲವೆಂಬುದನ್ನೂ ಸೇರಿಸಿ ಹೇಳಿತು. ಆದ್ದರಿಂದ ಇಂದು ವೈದ್ಯರು ಸಣ್ಣ ಗಾಯಕ್ಕೆಲ್ಲ ಕಣ್ಣುಮುಚ್ಚಿ ಇದನ್ನು ಬರೆಯುವುದಿಲ್ಲ. ಕ್ರಿಮಿ ಹತ್ತುವ ಭಯವಿರುವ ದೊಡ್ಡ ಗಾಯ, ಆಳದ ಗಾಯ, ತಡವಾಗಿ ಬಂದ ಗಾಯ, ಇಂಥವುಗಳಲ್ಲಿ ಇದರ ಕೆಲಸ. ನನ್ನ ಮಗಳದು ತಡವಾಗಿ ಬಂದ ಗಾಯ. ತಡ ಮಾಡಿದವನು ನಾನು.

ಮಹಾಜನರೇ, ಈ ಮುಲಾಮಿನ ಕತೆಯಲ್ಲಿ ನಮ್ಮ ಊರುಗಳ ಹೆಸರೂ ಬರುತ್ತದೆಂದು ಓದಿ ನನಗೆ ಹೆಮ್ಮೆಯಾಯಿತು. ಪರೇಲಿನಲ್ಲಿ ಮಕ್ಕಳ ವಾಡಿಯಾ ಆಸ್ಪತ್ರೆಯಿದೆ. ಅಲ್ಲಿಯ ಡಾ. ಎಂ. ಎಚ್. ಕೇಸ್ವಾನಿ ಮತ್ತು ಸಂಗಡಿಗರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಪಟ್ಟಿಯ ಬಟ್ಟೆಗೆ ಅಂಟಿಸಿ, ಶುದ್ಧೀಕರಿಸಿ, ಸುಟ್ಟ ಗಾಯಕ್ಕೆ ಹೊದಿಸಿದ ವರದಿಯನ್ನು 1985ರಲ್ಲಿ ಪ್ರಕಟಿಸಿದರು. ಸಿಪ್ಪೆ ಗಾಯವನ್ನು ಒಣಗಗೊಡುವುದಿಲ್ಲ. ತೆಗೆಯುವಾಗ ಚರ್ಮವನ್ನು ಕಿತ್ತು ತರುವುದೂ ಇಲ್ಲ. ಕುರ್ಲಾದಿಂದ ಒಂದೇ ಸ್ಟೇಷನ್ನಿನ ದೂರದ ಸಾಯನ್ನಿನಲ್ಲಿ, ಮಹಾನಗರಪಾಲಿಕೆಯ ಲೋಕಮಾನ್ಯ ತಿಲಕ ಆಸ್ಪತ್ರೆಯ ಡಾ. ಮಾಧುರಿ ಗೋರೆಯವರು ಬಾಳೆಯೆಲೆಯನ್ನು ಅದೇ ರೀತಿ ಶುದ್ಧಗೊಳಿಸಿ ಪಟ್ಟಿಯಾಗಿ ಬಳಸಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ಎಲೆಯ ಮೇಣದಂಥ ನುಣುಪಿನಿಂದ ಗಾಯಕ್ಕೆ ಅಂಟು ಹಿಡಿಯುವುದಿಲ್ಲ, ನೋವಿಲ್ಲದೆ ಬಿಚ್ಚಬಹುದು, ಖರ್ಚು ಅತ್ಯಲ್ಪ. ನಾವು ಊಟಕ್ಕೆ ಹಾಸುವ ಎಲೆ ಸುಟ್ಟ ಮೈಗೂ ಹಾಸಿಗೆಯಾಯಿತು!

ಇನ್ನು ನಮ್ಮ ಗಡಿಯ ಸೊಲ್ಲಾಪುರ. ಅಲ್ಲಿಯ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ರೋಗಿಗಳಲ್ಲಿ 52 ಮಂದಿಗೆ ಜೇನುತುಪ್ಪವನ್ನೂ 52 ಮಂದಿಗೆ ಸಿಲ್ವರ್ ಸಲ್ಫಾಡಯಜಿನನ್ನೂ ಹಚ್ಚಿ ಹೋಲಿಸಿ ನೋಡಿದರು. 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಜೇನು ಹಚ್ಚಿದ ಗಾಯಗಳಲ್ಲಿ ನೂರಕ್ಕೆ 87 ಹದಿನೈದು ದಿನದೊಳಗೆ ಮಾದವು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 10. ಆ ಬಳಿಕ ಬೇರೆ ದೇಶಗಳವರೂ ಜೇನನ್ನು ಪರೀಕ್ಷಿಸಿ ಗಾಯದ ಔಷಧಗಳ ಸಾಲಿಗೆ ಸೇರಿಸಿದ್ದಾರೆ.

ಇಷ್ಟು ಕೇಳಿ ಯಾರೂ ನಾಳೆಯೇ ಅಡಿಗೆಮನೆಯ ಜೇನು ಬಾಟಲಿಗೋ ಮಾರ್ಕೆಟ್ಟಿನ ಬಾಳೆಯೆಲೆಗೋ ಕೈಹಾಕಬಾರದೆಂದು ಕೈಮುಗಿದು ಬೇಡುತ್ತೇನೆ. ಆ ವೈದ್ಯರು ಮೊದಲು ಗಾಯವನ್ನು ನೋಡಿದರು, ತೊಳೆದರು, ಎಲೆಯನ್ನೂ ಸಿಪ್ಪೆಯನ್ನೂ ಆಸ್ಪತ್ರೆಯಲ್ಲಿ ಶುದ್ಧೀಕರಿಸಿಯೇ ಮುಟ್ಟಿಸಿದರು. ಇಂದು ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನೂ ಶುದ್ಧೀಕರಿಸಿಯೇ ತಯಾರಿಸುತ್ತಾರೆ. ಅವರ ಔಷಧವನ್ನು ಹಿಡಿದು ಅವರ ಕ್ರಮವನ್ನು ಬಿಟ್ಟರೆ ನಾನು ಮಾಡಿದ ತಪ್ಪನ್ನೇ ಹೊಸ ಹೆಸರಿನಿಂದ ಮಾಡಿದಂತೆ. ಟೂತ್‌ಪೇಸ್ಟು, ದೋಸೆಹಿಟ್ಟು, ಅರಿಸಿನ, ಶಾಯಿ, ಮೊಟ್ಟೆಯ ಬಿಳಿ, ಇವುಗಳ ಮಾತೂ ಅಷ್ಟೇ. ಅವು ಕ್ರಿಮಿಗಳನ್ನು ಒಳಕ್ಕೆ ಒಯ್ಯಬಹುದು. ಬಣ್ಣ ಹಿಡಿದು ಗಾಯದ ನಿಜಸ್ವರೂಪವನ್ನು ಮುಚ್ಚುತ್ತವೆ.

ಈಗ ನಾವು ಮಾಡಬೇಕಾದುದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಸುಟ್ಟ ಕೂಡಲೇ ನೀರು, 20 ನಿಮಿಷ. ನೀರು ಹಾಕುತ್ತಿರುವಾಗಲೇ ಬಳೆ, ಉಂಗುರ, ಕೈದಾರ ಬಿಚ್ಚಿರಿ. ಊದಿದ ಮೇಲೆ ಬರುವುದಿಲ್ಲ. ಒದ್ದೆಯಾದ ಬಿಸಿ ಬಟ್ಟೆಯನ್ನು ತೆಗೆಯಿರಿ. ಚರ್ಮಕ್ಕೆ ಕಚ್ಚಿದ ಬಟ್ಟೆಯನ್ನು ಎಳೆಯಬೇಡಿರಿ. ಬೊಬ್ಬೆಗಳನ್ನು ಒಡೆಯಬೇಡಿರಿ, ಆ ತೆಳ್ಳನೆಯ ಪೊರೆಯೇ ಸದ್ಯದ ಹೊದಿಕೆ. ಹತ್ತಿ ಇಡಬೇಡಿರಿ. ಒಗೆದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ನಡೆಯಿರಿ. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನೂ ಅಲ್ಲಿ ಕೇಳಿರಿ.

ಬೊಬ್ಬೆಯೇ ಏಳದ, ಬರಿಯ ಕೆಂಪಾದ, ನಾಣ್ಯದಷ್ಟು ಗಾಯವಾದರೆ ನೀರಿನ ನಂತರ ಮನೆಯಲ್ಲಿಯೇ ನೋಡಿಕೊಳ್ಳಬಹುದು. ರೋಗಿಯ ಅಂಗೈ ಬೆರಳು ಸಹಿತ ಮೈಯ ನೂರರಲ್ಲಿ ಒಂದು ಪಾಲು ಎಂಬುದು ವೈದ್ಯರ ಅಳತೆ. ಗಾಯ ಅಷ್ಟಗಲವಿದ್ದರೆ, ಮುಖ, ಕೈಕಾಲು, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಕರೆಂಟಿನಿಂದಲೋ ರಾಸಾಯನಿಕದಿಂದಲೋ ಆಗಿದ್ದರೆ, ಹೊಗೆ ಕುಡಿದಿದ್ದರೆ, ರೋಗಿ ಮಗುವೋ ಮುದುಕರೋ ಆಗಿದ್ದರೆ ತಡಮಾಡಕೂಡದು. ಗಾಯ ಬೆಳ್ಳಗೆ ಅಥವಾ ತೊಗಲಿನಂತೆ ಗಟ್ಟಿಯಾಗಿ ನೋವೇ ಇಲ್ಲವೆಂದರೆ ಸಮಾಧಾನಪಡಬೇಡಿರಿ; ನೋವು ತಿಳಿಸುವ ನರವೇ ಸುಟ್ಟಿತೆಂದು ಅದರ ಅರ್ಥ. ನಮ್ಮ ಕುರ್ಲಾದಲ್ಲೇ ಭಾಭಾ ಆಸ್ಪತ್ರೆಯಿದೆ, ಪಕ್ಕದಲ್ಲಿ ಸಾಯನ್ ಇದೆ. 108ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಮಗುವಿಗೆ ಮೈಯ ನೂರಕ್ಕೆ ಹತ್ತು ಪಾಲು ಸುಟ್ಟರೆ ಸಲಾಯಿನ್ ಬೇಕಾಗುವಂಥ ಸ್ಥಿತಿ. ಅಲ್ಲಿ ಯಾವ ಮುಲಾಮೂ ಜೀವ ಉಳಿಸಲಾರದು.

ಇಲ್ಲಿ ಹೋಟೆಲುಗಳಲ್ಲಿ ದುಡಿಯುವ ತಮ್ಮಂದಿರು ಅನೇಕರಿದ್ದೀರಿ. ಸಾಂಬಾರಿನ ಕೊಳಗ, ವಡೆಯ ಬಾಣಲೆ, ಇಡ್ಲಿಯ ಹಬೆ ನಿಮ್ಮ ನಿತ್ಯದ ಒಡನಾಡಿಗಳು. ಗಿರಾಕಿಗಳ ಗಲಾಟೆಯಲ್ಲಿ ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲಲು ಸಂಕೋಚವಾಗುತ್ತದೆ; ಮುಲಾಮು ಸವರಿದರೆ ಕೂಡಲೇ ಕೆಲಸಕ್ಕೆ ಮರಳಬಹುದು. ನಾನೂ ಹಾಜರಿಯ ಭಯದಿಂದ ಮಗುವನ್ನು ಬಿಟ್ಟು ಹೋದವನೇ. ಆದುದರಿಂದ ತಮ್ಮಂದಿರೇ, ಸಂಕೋಚ ಬಿಟ್ಟು ನಿಲ್ಲಿರಿ. ಸಭೆಯಲ್ಲಿರುವ ಮಾಲಿಕರು ದಯವಿಟ್ಟು ಆ ಇಪ್ಪತ್ತು ನಿಮಿಷವನ್ನು ಅವರಿಗೆ ಬಿಟ್ಟುಕೊಡಬೇಕು. ಇಪ್ಪತ್ತು ನಿಮಿಷ ಕೊಡದವರು ಇಪ್ಪತ್ತು ದಿನ ಆಳಿಲ್ಲದೆ ಇರಬೇಕಾದೀತು.

ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಧಾರಣದಿಂದ ತೀವ್ರ ಸುಟ್ಟ ಗಾಯಗಳಿಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಇವರಲ್ಲಿ ಬಹಳ ಆಳವಾಗಿ ಸುಟ್ಟವರಿಗೆ ಬೆಳ್ಳಿಯ ಮುಲಾಮೂ ಸಾಲದು. ಅವರಿಗೆ ಬೇಕಾದುದು ಚರ್ಮವೇ. ಸಾಯನ್ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮದ ಬ್ಯಾಂಕು ಆರಂಭವಾಯಿತು. ಮನುಷ್ಯ ತೀರಿಕೊಂಡ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನ ತೆಳು ಪದರವನ್ನು ತೆಗೆದು ಗ್ಲಿಸರಿನ್ನಿನಲ್ಲಿ ಕಾಪಿಡುತ್ತಾರೆ. ಕಣ್ಣಿನ ದಾನದಂತೆ ಇದೂ ಒಂದು ದಾನ. ಹಿರಿಯರು ಮನೆಯಲ್ಲಿ ಈ ಮಾತೆತ್ತಬೇಕೆಂದು ವಿನಂತಿ.

ನನ್ನ ಮಗಳ ಕೈ ಮಾಯಿತು. ಪಟ್ಟಿ ಬಿಚ್ಚಲು ಐದು ವಾರ ಹಿಡಿಯಿತು. ಮೊಣಕೈಯ ಕೆಳಗೆ ಅಂಗೈಯಗಲದ ಕಲೆ ಉಳಿದಿದೆ. ಈಗ ಶಾಲೆಗೆ ಹೋಗುತ್ತಾಳೆ, ಆ ಕೈಯಿಂದ ಡಬ್ಬಿಯನ್ನೂ ಹಿಡಿಯುತ್ತಾಳೆ. "ಅಪ್ಪಾ, ಇದು ಯಾವಾಗ ಹೋಗುತ್ತದೆ?" ಎಂದು ಒಮ್ಮೊಮ್ಮೆ ಕೇಳುತ್ತಾಳೆ. ನನ್ನಲ್ಲಿ ಉತ್ತರವಿಲ್ಲ. ಮೊದಲ ಇಪ್ಪತ್ತು ನಿಮಿಷವನ್ನು ನೀರಿಗೆ ಕೊಟ್ಟಿದ್ದರೆ ಕಲೆ ಇಷ್ಟಿರುತ್ತಿರಲಿಲ್ಲವೇನೋ ಎಂಬ ಯೋಚನೆ ಮಾತ್ರ ನನ್ನನ್ನು ಬಿಡುವುದಿಲ್ಲ.

ಮಾಡಬೇಕಾದುದನ್ನೂ ಮಾಡಬಾರದುದನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ವಾಚನಾಲಯದ ಫಲಕಕ್ಕೆ ಹಚ್ಚಿದ್ದೇನೆ. ಪ್ರತಿ ಬೇಕಾದವರು ಕೇಳಿ ಪಡೆಯಬಹುದು. ನಾನೇ ಕೈಯಿಂದ ಬರೆದುಕೊಡುತ್ತೇನೆ. ಅದನ್ನು ಔಷಧದ ಕಪಾಟಿನೊಳಗೆ ಇಡಬೇಡಿರಿ, ಮೋರಿಯ ಮೇಲಿನ ಗೋಡೆಗೆ ಅಂಟಿಸಿರಿ. ಆ ಹೊತ್ತಿನಲ್ಲಿ ಕಣ್ಣು ಮೊದಲು ನೀರಿನ ಕಡೆಗೆ ಹೋಗಬೇಕು.